ಅಳೆಯದೆ ಬಿಟ್ಟ ಲೋಟ

ಮಾರ್ಚ್ ಹನ್ನೊಂದನೇ ತಾರೀಖು, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಮಿಲಿ ಸಾಹೇಬರು ಜ್ಯೂಸ್ ಅಂಗಡಿಯ ಮುಂದೆ ಬಗ್ಗಿ ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಿದ್ದರು. ಬಾರು ಸರಿಯಾಗಿಯೇ ಇತ್ತು. ಒಳಗೆ ಹೋಗಲು ಕಾಲು ಬರುತ್ತಿರಲಿಲ್ಲ, ಅಷ್ಟೇ.

ಅವರು ಅಳತೆ ಇಲಾಖೆಯ ಪರೀಕ್ಷಕರು. ಒಂದು ಹನಿ ಹೆಚ್ಚುಕಮ್ಮಿಯಾದರೂ ಬಿಡದ ಅವರ ಕಣ್ಣಿಗೆ ಹೆದರಿ ಬೀದಿಯವರು ಇಟ್ಟ ಹೆಸರೇ ಮಿಲಿ ಸಾಹೇಬರು. ಸಿಹಿ ಪಾನೀಯವನ್ನು ಇನ್ನೂರೈವತ್ತು ಮಿಲಿಲೀಟರಿಗಿಂತ ದೊಡ್ಡ ಲೋಟದಲ್ಲಿ ಮಾರಕೂಡದೆಂದು ಸರ್ಕಾರದ ಹೊಸ ಆಜ್ಞೆ ಬಂದಿತ್ತು. ದೊಡ್ಡ ಲೋಟ ಸಿಕ್ಕರೆ ಅಳೆದು, ಪುಸ್ತಕದಲ್ಲಿ ಬರೆದು, ಸಂಜೆ ನಾಲ್ಕಕ್ಕೆ ಕಚೇರಿಯ ಹಿತ್ತಲಲ್ಲಿ ಒಡೆಯಬೇಕು.

ಈ ಅಂಗಡಿಯ ಹನ್ನೆರಡು ದೊಡ್ಡ ಲೋಟಗಳಲ್ಲಿ ಒಂದು ಮಾತ್ರ ಅವರದಾಗಿತ್ತು. ಸರಿಯಾಗಿ ಹೇಳಬೇಕೆಂದರೆ, ಅವರದು ಮತ್ತು ಅವರ ಹೆಂಡತಿಯದು.

ಹತ್ತೊಂಬತ್ತು ವರ್ಷದ ಹಿಂದೆ ಡಾಕ್ಟರು ರಕ್ತದಲ್ಲಿ ಸಕ್ಕರೆ ಇದೆ ಎಂದಾಗ ಸಾಹೇಬರು, ನನ್ನ ನಾಲಿಗೆಗೆ ಬೀಗ ಹಾಕುವ ಅಧಿಕಾರ ಯಾರಿಗೂ ಇಲ್ಲವೆಂದು ಮನೆಯಲ್ಲಿ ಭಾಷಣ ಮಾಡಿದ್ದರು. ಹೆಂಡತಿ ವಾದಕ್ಕೆ ಇಳಿಯಲಿಲ್ಲ. ವಾರಕ್ಕೊಂದು ಸಲ, ಗುರುವಾರ, ಇಬ್ಬರಿಗೂ ಸೇರಿ ಒಂದೇ ದೊಡ್ಡ ಲೋಟ ಕಿತ್ತಳೆ ಜ್ಯೂಸ್ ಎಂದು ಒಪ್ಪಂದ ಮಾಡಿದಳು. ಅಂಗಡಿಯವನು ಪ್ರತಿ ಸಲ ಅದೇ ಲೋಟ ಕೊಡುತ್ತಿದ್ದ. ಹೊರಗೆಲ್ಲ ಉಬ್ಬುಗೆರೆ, ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದ ಗುರುತು, ಉಳಿದವಕ್ಕಿಂತ ಬಹಳ ಭಾರ. ಹಳೇ ಕಾಲದ ಗಟ್ಟಿ ಮಾಲು ಎಂದು ಸಾಹೇಬರು ಮೆಚ್ಚಿಕೊಳ್ಳುತ್ತಿದ್ದರು. ಅವಳು ಚಕ್ಕೆ ಎದ್ದ ಕಡೆಯನ್ನು ತನ್ನತ್ತ ತಿರುಗಿಸಿಕೊಂಡು ಎರಡು ಗುಟುಕು ಕುಡಿದು, "ನನಗೆ ಸಾಕು, ನಿಮ್ಮ ಅರ್ಧ ಲೀಟರು ನೀವೇ ಮುಗಿಸಿ" ಎನ್ನುತ್ತಿದ್ದಳು.

ಅವಳು ತೀರಿಕೊಂಡು ಏಳು ತಿಂಗಳಾಗಿತ್ತು. ಅಂದಿನಿಂದ ಸಾಹೇಬರು ಗುರುವಾರ ಬೇರೆ ಬೀದಿಯಿಂದ ಮನೆಗೆ ಹೋಗುತ್ತಿದ್ದರು.

ಕೊನೆಗೂ ಒಳಗೆ ಹೋದರು. ಅಂಗಡಿಯವನು ಲೋಟಗಳನ್ನು ಶಾಲೆಯ ಮಕ್ಕಳಂತೆ ಸಾಲಾಗಿ ನಿಲ್ಲಿಸಿದ್ದ. ಲೋಟಕ್ಕೇನು ಶಿಕ್ಷೆ ಎಂದು ನೋಡಲು ಎದುರಂಗಡಿಯ ಕ್ಷೌರಿಕ ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಂದ. ಪಕ್ಕದ ಟೈಲರಮ್ಮ ಕತ್ತರಿಯ ಸಮೇತ ಬಂದಳು.

"ಹೊಟ್ಟೆ ನಮ್ಮದು, ಅಳತೆ ಸರ್ಕಾರದ್ದು," ಎಂದ ಕ್ಷೌರಿಕ. "ನಾಳೆ ಮೀಸೆಗೂ ಮಿಲಿಮೀಟರ್ ಲೆಕ್ಕ ತರ್ತಾರೆ."

"ತರಲಿ ಬಿಡಪ್ಪ, ನೀನು ಕತ್ತರಿಸೋದು ಆಗಲಾದ್ರೂ ಸಮ ಬರುತ್ತೆ," ಎಂದಳು ಟೈಲರಮ್ಮ.

ಸಾಹೇಬರು ನೀರು ತುಂಬಿ, ಅಳತೆ ಜಾಡಿಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ ಹನ್ನೊಂದು ಲೋಟ ಅಳೆದರು. ಹನ್ನೆರಡನೆಯದರ ಹತ್ತಿರ ಕೈ ನಿಂತಿತು. ಅಂಗಡಿಯವನು ಮೆಲ್ಲಗೆ, "ಅದನ್ನೂ ಒಂದ್ಸಲ ಅಳೆದುಬಿಡಿ ಸಾರ್," ಎಂದ.

"ಇದನ್ನ ಅಳೆಯೋದೇನು?" ಎಂದರು ಸಾಹೇಬರು. ಸತ್ತವಳ ಲೋಟಕ್ಕೆ ಇಲಾಖೆಯ ನೀರು ತುಂಬಲು ಅವರಿಗೆ ಮನಸ್ಸಾಗಲಿಲ್ಲ. ಬರೆಯದೆ ಬಿಡೋಣವೆಂದರೆ ಟೈಲರಮ್ಮ ಬೆರಳು ಮಡಚಿ ಎಣಿಸುತ್ತಿದ್ದಳು. ಬೇರೆ ದಾರಿ ಕಾಣದೆ "ಹನ್ನೆರಡು: ಐನೂರು ಮಿಲಿಲೀಟರ್" ಎಂದು ನೆನಪಿನಿಂದಲೇ ಬರೆದರು.

ನಂತರ ಲೋಟಗಳನ್ನು ಪೆಟ್ಟಿಗೆಗೆ ಇಡುವ ನೆಪದಲ್ಲಿ ಬೆನ್ನು ತಿರುಗಿಸಿ, ಆ ಒಂದನ್ನು ಕರವಸ್ತ್ರದಲ್ಲಿ ಸುತ್ತಿ ಊಟದ ಡಬ್ಬಿಯ ಪಕ್ಕ ಚೀಲಕ್ಕೆ ಇಳಿಸಿದರು. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಮೊದಲ ಕಳವು. ಹೊಸ ಕಳ್ಳರಾದ್ದರಿಂದ ಕ್ಷೌರದಂಗಡಿಯಲ್ಲಿ ಗೋಡೆ ತುಂಬ ಕನ್ನಡಿ ಇರುತ್ತದೆಂಬುದು ಹೊಳೆಯಲಿಲ್ಲ. ಅಷ್ಟರಲ್ಲಿ ಗಿರಾಕಿಯ ಬಳಿಗೆ ಮರಳಿದ್ದ ಕ್ಷೌರಿಕ ಆ ಕನ್ನಡಿಯಲ್ಲೇ ಎಲ್ಲವನ್ನೂ ನೋಡಿದ.

ಅವರು ಕಚೇರಿ ಸೇರುವ ಮೊದಲೇ ಸುದ್ದಿ ಫೋನಿನಲ್ಲಿ ಸೇರಿತ್ತು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಕ್ಷೌರಿಕ ಮೇಲಧಿಕಾರಿಗೆ ತಿಳಿಸಿದ್ದ. ಪುಸ್ತಕ ನೋಡಿಕೊಳ್ಳುವ ಮೇಡಂ ಪೆಟ್ಟಿಗೆಯನ್ನು ಎರಡು ಸಲ ಎಣಿಸಿದರು. ಎರಡು ಸಲವೂ ಹನ್ನೊಂದೇ. ಚೀಲ ಮೇಜಿನ ಮೇಲೆ ಬಂತು. ಅಳತೆ ಜಾಡಿ, ಡಬ್ಬಿ, ಕನ್ನಡಕದ ಗೂಡು, ಗುಳಿಗೆಯ ಪಟ್ಟಿ, ಕೊನೆಗೆ ಕರವಸ್ತ್ರದ ಗಂಟು.

ಮೇಲಧಿಕಾರಿ ಕೆಟ್ಟವರಲ್ಲ. ಏನಾದರೂ ಕಾರಣವಿದ್ದರೆ ಹೇಳಿ ಎಂದು ಕೇಳಿದರು. ಸಾಹೇಬರು ಮರೆತು ಚೀಲ ಸೇರಿತು ಎಂದಷ್ಟೇ ಅಂದರು. ಮೇಡಂ ಲೋಟವನ್ನು ಕೈಯಲ್ಲಿ ತೂಗಿ ನೋಡಿ, "ಇದ್ಯಾಕೋ ಭಾರ ಇದೆ ಸಾರ್. ಬೇಕಿದ್ರೆ ಇನ್ನೊಂದ್ಸಲ ಅಳೆಯೋಣ್ವಾ?" ಎಂದರು.

ಸಾಹೇಬರಿಗೆ ರೇಗಿತು. "ಹತ್ತೊಂಬತ್ತು ವರ್ಷ ಕುಡಿದ ಲೋಟ. ನನಗೆ ಗೊತ್ತಿಲ್ವಾ?"

ಬರೆದವರೂ ನೀವೇ, ಹಾಗಿದ್ದರೆ ಒಡೆಯುವವರೂ ನೀವೇ ಆಗಿ ಎಂದರು ಮೇಲಧಿಕಾರಿ.

ನಾಲ್ಕು ಗಂಟೆಗೆ ಹಿತ್ತಲಲ್ಲಿ ಹನ್ನೊಂದು ಲೋಟಗಳು ಹಪ್ಪಳದಂತೆ ಪುಡಿಯಾದವು. ಹನ್ನೆರಡನೆಯದಕ್ಕೆ ಸುತ್ತಿಗೆಯ ಮೂರು ಪೆಟ್ಟು ಬೇಕಾಯಿತು. ಚೂರುಗಳೂ ಬೆರಳು ದಪ್ಪದವು. ತಳ ಮಾತ್ರ ಒಡೆಯದೆ ಉರುಳಿ ಬಂದು ಅವರ ಕಾಲಿಗೆ ತಾಗಿತು. ಎರಡು ಬೆರಳು ದಪ್ಪದ ಗಟ್ಟಿ ಗಾಜು. ಸಾಹೇಬರು ಅದನ್ನು ಎತ್ತಿ, ತಿರುಗಿಸಿ ನೋಡಿ, ಚೀಲಕ್ಕೆ ಹಾಕಿಕೊಂಡರು.

ಆರು ಗಂಟೆಗೆ ಅದನ್ನು ಜ್ಯೂಸ್ ಅಂಗಡಿಯ ಕಟ್ಟೆಯ ಮೇಲಿಟ್ಟರು. "ಇದೇನಯ್ಯ?"

ಅಂಗಡಿಯವನ ಮುಖ ಬಾಡಿತು. "ಒಡೆದುಬಿಟ್ರಾ ಸಾರ್? ಅಳೀರಿ ಅಂತ ಬಾಯಿಬಿಟ್ಟು ಹೇಳಿದ್ನಲ್ಲ. ಅದಕ್ಕಿಂತ ಹೆಚ್ಚು ಹೇಳೋ ಹಾಗಿರಲಿಲ್ಲ. ನಿಮ್ಮ ಮನೆ ಅಮ್ಮಾವ್ರಿಗೆ ಮಾತು ಕೊಟ್ಟಿದ್ದೆ."

ನಿಧಾನವಾಗಿ ಎಲ್ಲ ಹೊರಬಂತು. ಆ ಲೋಟ ಅಂಗಡಿಯದಲ್ಲ. ಒಪ್ಪಂದ ಮಾಡಿದ ವಾರವೇ ಅವಳು ಊರೆಲ್ಲ ಅಲೆದು, ಹೊರಗೆ ದೊಡ್ಡದಾಗಿ ಒಳಗೆ ಚಿಕ್ಕದಾಗಿರುವ ಲೋಟವೊಂದನ್ನು ಹುಡುಕಿ ತಂದುಕೊಟ್ಟಿದ್ದಳು. ಜೊತೆಗೆ ಒಂದು ಸ್ಟೀಲ್ ಲೋಟವನ್ನೂ ಕೊಟ್ಟಿದ್ದಳು. ಇದರಲ್ಲಿ ಒಮ್ಮೆ ಅಳೆದು ಸುರಿದರೆ ಗಾಜಿನದು ಕಂಠಮಟ್ಟ ತುಂಬುತ್ತದೆ, ಒಂದು ಹನಿಯೂ ಹೆಚ್ಚಾಗಬಾರದು ಎಂದಿದ್ದಳು.

"ಊರಿಗೆಲ್ಲ ಅಳೆಯೋರು, ಸಾಹೇಬ್ರಿಗೆ ಗೊತ್ತಾಗಲ್ವಾ ಅಮ್ಮ ಅಂತ ಕೇಳಿದ್ದೆ. 'ನನ್ನ ಎದುರು ಕೂತಾಗ ಅವರು ಏನನ್ನೂ ಅಳೆಯಲ್ಲ' ಅಂದ್ರು."

ಅವನು ಒಳಗಿನಿಂದ ಸ್ಟೀಲ್ ಲೋಟ ತಂದ. ಹೊಟ್ಟೆಯಲ್ಲೊಂದು ತಗ್ಗು. ಎಂದೋ ತಾವೇ ಬೀಳಿಸಿ ಮಾಡಿದ ತಗ್ಗು. ಅದು ಮನೆಯಿಂದ ಕಾಣೆಯಾದಾಗ ಸಾಹೇಬರು ಅಡುಗೆಮನೆಯನ್ನೆಲ್ಲ ಜಾಲಾಡಿದ್ದರು. ಅವಳೂ ಜೊತೆಗೆ ನಿಂತು ಹುಡುಕಿದ್ದಳು.

ಸಾಹೇಬರು ಚೀಲದಿಂದ ಅಳತೆ ಜಾಡಿ ತೆಗೆದರು. ಸ್ಟೀಲ್ ಲೋಟಕ್ಕೆ ನೀರು ತುಂಬಿ, ಎರಡೂ ಕೈಯಲ್ಲಿ ಹಿಡಿದು, ಜಾಡಿಗೆ ಸುರಿದರು. ಬಗ್ಗಿ ಕಣ್ಣನ್ನು ನೀರಿನ ಮಟ್ಟಕ್ಕೆ ತಂದರು. ಗೆರೆ ಮಸುಕಾಗಿ ಕಂಡಿತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

ಇನ್ನೂರ ಮೂವತ್ತೆಂಟು ಮಿಲಿಲೀಟರ್.