ನಾಲ್ಕು ಬೆರಳು ಜಾಸ್ತಿ

ನಮ್ಮ ಮಾಮ ಕಳ್ಳ ಅಂತ ನಾ ಹೇಳಾಂಗಿಲ್ಲ ಬಿಡ್ರಿ. ಎಷ್ಟಂದ್ರೂ ಅವ್ವನ ತಮ್ಮ. ಆದ್ರ ನಲವತ್ತೇಳು ವರ್ಷದ ಮನುಷ್ಯಾ ಮೀಸಿಗೆ ಎಣ್ಣಿ ಹಚ್ಕೊಂಡು, ಹೆಂಗಸರ ಜಂಪರೊಂದು ಪೇಪರಿನಾಗ ಸುತ್ತಿ ಬಗಲಾಗ ಇಟ್ಕೊಂಡು, ಆ ಕಡಿ ಈ ಕಡಿ ನೋಡ್ಕೋಂತ ಹಗರಿಬೊಮ್ಮನಹಳ್ಳಿ ಬಸ್ ಹತ್ತಿದ್ರ ನೀವಾದ್ರೂ ಏನಂತೀರಿ? ಭಜನಿಗೆ ಹೊಂಟಾನ ಅಂತೀರೇನು?

ನಮ್ಮೂರು ಹಂಪಸಾಗರ. ಐದನೇ ಕ್ಲಾಸ್ ಓದಾಕಂತ ಕೊಟ್ಟೂರಿಗೆ ಮಾಮನ ಮನಿಗೆ ಬಂದಾವ ನಾನು, ಇಪ್ಪತ್ತಾರು ತುಂಬಿದ್ರೂ ಇನ್ನೂ ಓದಾಕತ್ತೀನಿ! ಈಗಿನ ಓದಿಗೆ ಕಾಂಪಿಟೇಟಿವ್ ಅಂತಾರ. ಮೂರು ಪರೀಕ್ಷಿ ಬರದೀನಿ. ಕಡೀ ಸಲ ನನ್ನ ಹಿಂದಿನ ನಂಬರೂ ಪಾಸು, ಮುಂದಿನ ನಂಬರೂ ಪಾಸು. ನಡುವ ನಾನು ಒಬ್ಬಾವ ಬಸ್ ತಪ್ಪಿಸ್ಕೊಂಡಾವನಂಗ ನಿಂತಿದ್ದೆ. ಇಂಥ ಬುದ್ಧಿವಂತ ಮನಿಯಾಗ ಖಾಲಿ ಕುಂತಿರೋದ್ರಿಂದಾನ ಅತ್ತಿ, ಅಂದ್ರ ಮಾಮನ ಹೆಂಡ್ತಿ, ಪತ್ತೇದಾರಿ ಕೆಲಸ ನನಗ ಒಪ್ಪಿಸಿದ್ಲು.

ಮಾಮನ ಕೆಲಸ ಏನಂತ ಕೇಳಿದ್ರ ಒಂದ ಮಾತು: ಹರಿಯೋದು. ಇಪ್ಪತ್ತೈದು ವರ್ಷದಿಂದ ಬಜಾರಿನ ಬಟ್ಟಿ ಅಂಗಡ್ಯಾಗ ಗಾದಿ ಮ್ಯಾಲ ನಿಂತು ಬಟ್ಟಿ ಹರೀತಾನ. ಮೀಟರ್ ಕಟ್ಟಿಗಿಲೆ ಅಳದು, ಅದರ ಮ್ಯಾಲ ತನ್ನ ನಾಲ್ಕು ಬೆರಳು ಅಡ್ಡ ಇಟ್ಟು, ಅಷ್ಟು ಜಾಸ್ತಿ ಬಿಟ್ಟು, ಕತ್ತರಿಲೆ ಒಂದು ಸಣ್ಣ ಗಾಯ ಮಾಡಿ, ಎರಡೂ ಕೈಲೆ ಹಿಡದು ‘ಪರ್ರ್’ ಅಂದ್ರ ಬಟ್ಟಿ ಗೆರಿ ಹೊಡದಂಗ ಹರೀತೈತಿ. ಆ ನಾಲ್ಕು ಬೆರಳಿನ ಸಲುವಾಗಿ ಹಡಗಲಿಯಿಂದ ಹರಪನಹಳ್ಳಿತನಕ ಗಿರಾಕಿಗಳು ಬರೋರು. ಸಾಹುಕಾರ ಮಾತ್ರ ಗೊಣಗಾವ: “ನಿನ್ನ ಕೈಯಿಗೆ ಐದು ಬೆರಳು ಅದಾವಂತ ದೇವರಿಗೆ ಕೈ ಮುಗೀಬೇಕಲೇ. ಹತ್ತಿದ್ದಿದ್ರ ಅಂಗಡಿ ಬಾಗಲಾ ಹಾಕ್ಕೊಂಡು ಹೋಗಬೇಕಿತ್ತು!”

ಸಮಸ್ಯಾ ಏನಂದ್ರ, ಈಗ ಬಟ್ಟಿ ಹರಿಸೋರು ಯಾರದಾರ್ರಿ? ಎಲ್ಲಾರೂ ರೆಡಿಮೇಡ್. ಸಾಹುಕಾರನ ಮಗ ಬಂದು ಹೇಳೇಬಿಟ್ಟ: “ದೀಪಾವಳಿಗೆ ಹರಿಯೋ ಬಟ್ಟಿ ಥಾನು ಎಲ್ಲಾ ತಗಸ್ತೀನ್ರಿ. ಗ್ಲಾಸ್ ಬಾಗಲಾ ಹಾಕಸ್ತೀನಿ. ನೀವು ಬಾಗಲದಾಗ ಗೊಂಬಿ ಪಕ್ಕ ನಿಂತು ‘ಬರ್ರಿ ಬರ್ರಿ’ ಅನ್ರಿ, ಸಾಕು.”

ಮಾಮ ಆವತ್ತು ಮನಿಗೆ ಬಂದು ಸುದ್ದಿ ಹೇಳಿ, ಎರಡು ರೊಟ್ಟಿ ತಿಂದು, “ಗೊಂಬಿಗೆ ತಲಿ ಇಲ್ಲ” ಅಂದ. ಅಷ್ಟ. ಅತ್ತಿಗೆ ಚಿಂತಿ ಹತ್ತಿತು. ದೀಪಾವಳಿ ಆದಮ್ಯಾಲ ಈ ಮನುಷ್ಯಾ ಏನು ಮಾಡ್ತಾನ? ಅಲ್ಲಿಂದ ಶುರುವಾತು ನೋಡ್ರಿ ಅನುಮಾನ.

ಮೊದಲನೇ ಸಾಕ್ಷಿ, ಬೆರಳು. ಮಾಮನ ಬೆರಳ ತುದಿ ತುಂಬ ಸಣ್ಣ ಸಣ್ಣ ತೂತು. ನಾನು ಸೈನ್ಸ್ ಸ್ಟೂಡೆಂಟ್ ನೋಡ್ರಿ, ತಕ್ಷಣ ಹೇಳ್ದೆ: “ಅತ್ತಿ, ಇದು ಶುಗರ್. ಕದ್ದು ರಕ್ತ ಚೆಕ್ ಮಾಡಿಸ್ಕೊಳ್ಳಾಕತ್ತಾನ.” ಮರುದಿನದಿಂದ ಇಡೀ ಮನಿಗೆ ಸಕ್ಕರಿ ಬಂದ್. ಒಂದು ತಿಂಗಳು ಸಪ್ಪನ ಚಾ! ಮಾಮ ಒಂದು ಮಾತು ಕೇಳಲಿಲ್ಲ, ಸುಮ್ಮನ ಕುಡದ. ಯಾಕಂದ್ರ ಅಂಗಡ್ಯಾಗ ಅವಂಗ ಮೂರು ಹೊತ್ತು ಸಿಹಿ ಚಾ ಬರ್ತಿತ್ತು. ಸಪ್ಪಗ ಉಳದಾವ ನಾನು!

ಎರಡನೇದು, ಕಾಲು. ಊಟಕ್ಕ ಕುರ್ಚಿ ಮ್ಯಾಲ ಕುಂತ್ರ ಕೆಳಗ ಹಿಮ್ಮಡ, ತುದಿ, ಹಿಮ್ಮಡ, ತುದಿ ಅಂತ ಎರಡೂ ಪಾದ ಕುಣಿಯಾವು. “ಏನ್ರಿ ಅದು ಕಾಲು?” ಅಂತ ಅತ್ತಿ ಕೇಳಿದ್ರ, “ಜೋಮು” ಅಂದ. ದಿನಾ ಹತ್ತು ನಿಮಿಷ, ಗಡಿಯಾರ ನೋಡ್ಕೊಂಡು ಬರೋ ಜೋಮು ಎಲ್ಲ್ಯರ ಕೇಳೀರೇನು?

ಮೂರನೇದ ಕಥಿ ಕೆಡಿಸಿದ್ದು. ಅತ್ತಿ ಟ್ರಂಕಿನಾಗಿನ ಹಸರು ಜಂಪರ್ ಮಾಯ! “ಯಾರಿಗೋ ಅಳತಿಗೆ ಒಯ್ದಾನಲೇ” ಅಂತ ಅತ್ತಿ ಸೆರಗಿಲೆ ಕಣ್ಣು ಒರಸ್ಕೊಂಡ್ಲು. ವಾರ ಬಿಟ್ಟು ನೋಡಿದ್ರ ಜಂಪರ್ ಟ್ರಂಕಿನಾಗ ಹಾಜರ್. ಹಾಕ್ಕೊಳ್ಳಾಕ ಹೋದ್ಲು. ಬಲತೋಳು ಎಡಕ್ಕ ಕುಂತಿತ್ತು, ಎಡತೋಳು ಬಲಕ್ಕ! ಮೊಣಕೈ ಹಿಂದಕ್ಕ ಮಾಡಿ ನಿಂತ ಅತ್ತೀನ ನೋಡಿ ನಾನು ನಗಬಾರ್ದಾಗಿತ್ತು. ನಕ್ಕೆ. ಆವತ್ತು ರಾತ್ರಿ ನನಗ ಸಾರಿನಾಗ ಬ್ಯಾಳಿ ಬೀಳಲಿಲ್ಲ.

“ಗುರುವಾರ ಅಂಗಡಿ ರಜಾ. ಅವನ ಬೆನ್ನ ಹತ್ತು” ಅಂತ ಅತ್ತಿ ಹುಕುಂ ಕೊಟ್ಲು.

ಗುರುತು ಸಿಗಬಾರ್ದಂತ ಗೆಳೆಯನ ಹೆಲ್ಮೆಟ್ ಹಾಕ್ಕೊಂಡು ಬಸ್ಸಿನ ಹಿಂದಿನ ಸೀಟಿನಾಗ ಕುಂತೆ. ಮಾಮ ಮುಂದ ಕುಂತಿದ್ದ. ಹಿಂದಕ್ಕ ಒಂದ ಸಲನೂ ಹೊಳ್ಳಿ ನೋಡಲಿಲ್ಲ. ಕಂಡಕ್ಟರ್ ಬಂದು ನನ್ನ ಕೈಯಾಗ ಟಿಕೆಟ್ ಇಟ್ಟ.

“ನಾ ಇನ್ನೂ ಕೇಳೇ ಇಲ್ಲಲ್ರಿ?”

“ಮುಂದ ಕುಂತಾರಲ್ಲ, ಅವರು ತಗಸ್ಯಾರ. ‘ಬಸ್ಸಿನಾಗ ಹೆಲ್ಮೆಟ್ ಹಾಕ್ಕೊಂಡು ಕುಂತ ಹುಚ್ಚ ನಮ್ಮಾವನ’ ಅಂದ್ರು.”

ಟಿಕೆಟ್ ನೋಡಿದ್ರ ಮುಂದಿನ ಸ್ಟಾಪಿಗೇ ಮುಗದಿತ್ತು! ಕಂಡಕ್ಟರ್ ಸೀಟಿ ಊದಿ ಇಳಿಸೇಬಿಟ್ಟ. ಜೋಳದ ಹೊಲದ ಬಾಜೂಕ, ಉರಿ ಬಿಸಲಾಗ, ತಲಿಗೆ ಹೆಲ್ಮೆಟ್ ಹಾಕ್ಕೊಂಡು ನಾನು. ಗಾಡಿ ಎಲ್ಲಿ ಅಂತ ಹೋಗಿ ಬರೋರೆಲ್ಲಾ ಕೇಳೋರು.

ಮುಂದಿನ ಗುರುವಾರ ಮಾಮನ ಬಸ್ಸಿನ ಹಿಂದ ಬಂದ ಬಸ್ಸಿಗೆ ಹೋದೆ, ಬರೇ ತಲಿಲೆ. ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನ ಹತ್ರ ಒಂದು ಮಾಳಿಗಿ. ಮಾಮನ ಚಪ್ಲಿ ಕೆಳಗ ಇದ್ವು, ಸುತ್ತ ಬರೇ ಹೆಂಗಸರ ಚಪ್ಲಿ! ಎದಿ ಗಟ್ಟಿ ಮಾಡ್ಕೊಂಡು ಮ್ಯಾಲ ಹತ್ತಿ ಇಣಿಕಿದೆ. ಹನ್ನೊಂದು ಹೊಲಿಗಿ ಮಿಷನ್, ಹನ್ನೊಂದು ಹೆಣ್ಣುಮಕ್ಕಳು. ಮೂಲ್ಯಾಗ ಹನ್ನೆರಡನೇ ಮಿಷನ್ನಿಗೆ ನಮ್ಮ ಮಾಮ! ಹಿಮ್ಮಡ, ತುದಿ, ಹಿಮ್ಮಡ, ತುದಿ. ಚಕ್ರ ಹಿಂದಕ್ಕ ತಿರುಗಿ ದಾರ ಟಪ್ ಅಂತು. ನನಗಿಂತ ಸಣ್ಣ ವಯಸ್ಸಿನ ಟೀಚರಮ್ಮ ಸೊಂಟದ ಮ್ಯಾಲ ಕೈ ಇಟ್ಟು ಬೈಯಾಕತ್ತಿದ್ಲು.

“ಅಂಕಲ್, ಮತ್ತ ನಾಲ್ಕು ಬೆರಳು ಬಿಟ್ಟೀರಿ! ಇದೇನು ಜಂಪರೋ, ನಿಲುವಂಗಿಯೋ?”

“ಕೈ ಕೇಳಂಗಿಲ್ಲಮ್ಮ. ಇಪ್ಪತ್ತೈದು ವರ್ಷದ ಚಾಳಿ.”

“ಅದು ಹರಿಯೋ ಕೈ. ಹೊಲಿಯೋ ಕೈ ಮಾಡ್ಕೋರಿ. ಬಿಚ್ರಿ.”

ಬಜಾರಿನಾಗ ಸಾಹುಕಾರನ ಮಾತಿಗೂ ಗೋಣು ಬಗ್ಗಿಸದ ಮನುಷ್ಯಾ, ಸುಮ್ಮನ ಗೋಣು ಬಗ್ಗಿಸಿ ಬಿಚ್ಚಾಕ ಕುಂತ. ಅತ್ತಿಯ ಜಂಪರ್ ಅವನ ಪಾಠದ ಪುಸ್ತಕ ಆಗಿತ್ತು ನೋಡ್ರಿ. ಹೊಲಿಗಿ ಬಿಚ್ಚಿ ತುಂಡು ಮಾಡೋದು, ತಿರುಗಿ ಜೋಡ್ಸೋದು. ನಾ ಕರೀಲಾರದ ಕೆಳಗಿಳದು ಬಂದೆ.

ಅತ್ತಿಗೆ ಹೇಳಿದ್ರ ಅಕಿ ಸಮಾಧಾನ ಆಗಬೇಕಿಲ್ಲೇನು? ಇಲ್ಲ! ಮಾಮ ಬಂದ ಕೂಡ್ಲೇ ಹಿಡಕೊಂಡ್ಲು: “ಟ್ರಂಕಿಗೆ ಕನ್ನ ಹಾಕೋ ಬದ್ಲು ನನ್ನ ಕೇಳಿದ್ರ ಅಳತಿ ಕೊಡ್ತಿದ್ದಿಲ್ಲೇನು? ಯಾಕ ಮುಚ್ಚಿಟ್ರಿ?”

“ಬರಲಿಲ್ಲಂದ್ರ ಯಾರಿಗೂ ಗೊತ್ತಾಗಬಾರ್ದು ಅಂತ.”

“ಅಂಗಡಿ ಬಿಟ್ಟು ಪೂರಾ ಇದ ಕಲೀರಲ್ಲ ಮತ್ತ.”

“ಒಮ್ಮಿಗೇ ಜಗ್ಗಿದ್ರ ಬಟ್ಟಿ ಸೊಟ್ಟ ಹರೀತೈತಿ. ಮೊದ್ಲು ಸಣ್ಣ ಕತ್ತರಿ ಹಚ್ಚಬೇಕು” ಅಂದ ಮಾಮ. ಗುರುವಾರದ ಕ್ಲಾಸು ಒಂದು ಕತ್ತರಿ. ದಿನಾ ಬೆಳಿಗ್ಗೆ ಅರ್ಧ ತಾಸಿನ ಹೊಲಿಗಿ ಇನ್ನೊಂದು ಕತ್ತರಿ. ಆಮ್ಯಾಲ ಸಾಹುಕಾರನ್ನ ಕೇಳಿ ಮಧ್ಯಾಹ್ನದ ಮ್ಯಾಲ ರಜಾ. ಮನಿ ಮುಂದಿನ ಕಟ್ಟಿ ಮ್ಯಾಲ ಒಂದು ಹಳೇ ಮಿಷನ್ ಬಂತು. ಮೊದಲನೇ ಬಲಿ ಯಾರಂತೀರಿ? ನಾನ. ಮಾಮ ಹೊಲಿದ ಅಂಗಿ ಮೊಣಕಾಲಿಗೆ ಬಂತು, ತೋಳು ಉಗುರು ಮುಚ್ಚಿತು. ಗೆಳೆಯರು ಕೇಳಿದ್ರು: “ಒಳಗ ಇನ್ನೊಬ್ಬ ಯಾರರ ಅದಾನೇನಲೇ?”

ದೀಪಾವಳಿ ಬಂತು. ಬಜಾರಿನಾಗ ಗ್ಲಾಸ್ ಬಾಗಲಾ ಹಾಕಿದ್ರು, ಬಾಗಲದಾಗ ಗೊಂಬಿ ಒಂದ ನಿಂತಿತು. ಮಾಮ ನಮ್ಮ ಕಟ್ಟಿ ಮ್ಯಾಲ ಕುಂತ. ಈಗ ಅನುಮಾನ ಪಡೋ ಸರದಿ ಊರಿಂದು. “ಹರಿಯಾವ ಹೊಲೀತಾನಂತ!” ಹದಿನೈದು ದಿನ ತಲಿದಿಂಬಿನ ಚೀಲ ಬಿಟ್ರ ಏನೂ ಬರಲಿಲ್ಲ. ಸಂಜಿಮುಂದ ಮಾಮ ಖಾಲಿ ಮಿಷನ್ ತುಳಿಯೋ ಸಪ್ಪಳ ಕೇಳಿ, ನಾ ಮೊದಲನೇ ಸಲ ಪುಸ್ತಕ ತಗದು ಖರೇನ ಓದಿದೆ. ಅವನ ಮಾರಿ ನೋಡೋದಕ್ಕಿಂತ ಪುಸ್ತಕ ಸಸಾರ ಆಗಿತ್ತು.

ಆಮ್ಯಾಲ ಒಬ್ಬಾಕಿ ಹಳೇ ಗಿರಾಕಿ ಮಗಳ ಶಾಲಿ ಯೂನಿಫಾರ್ಮಿನ ಬಟ್ಟಿ ತಂದ್ಲು. “ಹುಡುಗಿ ಭಾಳ ಬೆಳೀತಾಳಣ್ಣ, ವರ್ಷ ತುಂಬೋದ್ರಾಗ ಗಿಡ್ಡ ಆಕ್ಕಾವ” ಅಂದ್ಲು. ಮಾಮ ನಾಲ್ಕು ಬೆರಳು ಜಾಸ್ತಿ ಬಿಟ್ಟ. ಈ ಸಲ ಅದನ್ನ ಹೊರಗ ಬಿಡಲಿಲ್ಲ. ಒಳಗ ಮಡಚಿ, ಬಿಚ್ಚಾಕ ಬರೋ ಹಂಗ ಸಡ್ಲ ಹೊಲಿಗಿ ಹಾಕಿದ. ಅಷ್ಟ ನೋಡ್ರಿ! ಕೂಸಿರೋ ತಾಯಂದ್ರೆಲ್ಲಾ ಕಟ್ಟಿಗೆ ಬಂದ್ರು. ಟೀಚರಮ್ಮ ಬಿಡಿಸಲಾರದ ಚಾಳಿ ಹೊಟ್ಟಿ ತುಂಬಿಸ್ತು.

ಮೊನ್ನೆ ನಾಲ್ಕನೇ ಪರೀಕ್ಷಿಗೆ ಹೊಂಟಿದ್ದೆ. ಹಿಂದಿನ ದಿನ ಮಾಮ ಹೊಸ ಅಂಗಿ ಕೊಟ್ಟ. ಹಾಕ್ಕೊಂಡ್ರ ಮೈಗೆ ಅಚ್ಚು ಹೊಡದಂಗ ಕುಂತಿತು! ನನಗ ಅನುಮಾನ. ಈ ಮನುಷ್ಯಾ ಚಾಳಿ ಬಿಡೋ ಪೈಕಿ ಅಲ್ಲ. ಅಂಗಿ ತಗದು ಒಳಮಗ್ಗಲಾ ಮಾಡಿ ನೋಡಿದೆ. ಅಂಚಿನಾಗ, ತೋಳಿನ ತುದ್ಯಾಗ, ಮಡಚಿದ ಬಟ್ಟಿ, ಸಡ್ಲ ಹೊಲಿಗಿ.

“ಮಾಮಾ, ಇಪ್ಪತ್ತಾರು ಆತು. ನಾ ಇನ್ನೇನು ಬೆಳೀತೀನೋ?”

ಅವ ಸೂಜಿಗೆ ದಾರ ಪೋಣಸ್ಕೋಂತ ಇದ್ದ, ತಲಿ ಎತ್ತಲಿಲ್ಲ.

“ನನಗ ಹೊಲಿಗಿ ನಲವತ್ತೇಳಕ್ಕ ಬಂತಲೇ. ನಿನಗೇನು ಅವಸರ?”

ಒಳಗ ಹೋಗಿ, ಮಡಚಿದ ಬಟ್ಟಿ ಮ್ಯಾಲ ನನ್ನ ನಾಲ್ಕು ಬೆರಳು ಅಡ್ಡ ಇಟ್ಟು ನೋಡಿದೆ. ಇಟ್ಟ ಮ್ಯಾಲೂ ಒಂದಿಷ್ಟು ಜಾಗ ಉಳದಿತ್ತು.