ಕೊಂಡುಕುರಿ ಕಾಡಿನ ಅಭಿಪ್ರಾಯ ಪುಸ್ತಕ

ಕಾಡಿನಲ್ಲಿ ಜೀಪು ಓಡಿಸುವವನಿಗೆ ಪ್ರಾಣಿಗಳದ್ದೇ ಕಾಟ ಅಂತ ಜನ ತಿಳಿದಿರುತ್ತಾರೆ. ಮೂರು ವರ್ಷದಿಂದ ಓಡಿಸುತ್ತಿದ್ದೇನೆ, ಪ್ರಾಣಿಗಳು ಪಾಪ, ನನ್ನ ತಂಟೆಗೆ ಬಂದದ್ದೇ ಇಲ್ಲ. ನಗಿಸಿದ್ದು, ಬೆವರಿಳಿಸಿದ್ದು, ತಲೆ ತಿಂದದ್ದು ಎಲ್ಲ ಜೀಪಿನೊಳಗೆ ಕೂತವರೇ. ವಾರಕ್ಕೊಂದು ಇಂಥದ್ದು ಆಗದಿದ್ದರೆ ನನಗೇ ಮೈಯಲ್ಲಿ ಹುಷಾರಿಲ್ಲವೇನೋ ಅನಿಸುತ್ತದೆ.

ನಮ್ಮದು ಜಗಳೂರು ಸೀಮೆಯ ಕುರುಚಲು ಕಾಡು. ಅಲ್ಲಿ ಕೊಂಡುಕುರಿ ಅಂತ ಒಂದು ಪ್ರಾಣಿ ಇದೆ. ಆಡಿನಷ್ಟೇ ಎತ್ತರ, ಕಂದು ಬಣ್ಣ, ಗಂಡಿಗೆ ನಾಲ್ಕು ಕೊಂಬು, ಮಹಾ ನಾಚಿಕೆ. ಕಾಡು ಸರ್ಕಾರದ್ದು. ಜೀಪು, ಟಿಕೆಟ್ಟು, ಕ್ಯಾಂಟೀನು, ಪ್ರಾಣಿಗಳ ನೀರಿನ ತೊಟ್ಟಿಗೆ ಟ್ಯಾಂಕರ್ ಹೊಡೆಸುವುದು, ಇಷ್ಟೂ ಗುತ್ತಿಗೆ ಹಿಡಿದ ನಮ್ಮ ಯಜಮಾನರದು. ಅವರು ತ್ಯಾವಣಿಗೆ ಕಡೆಯ ತೋಟದ ಮನುಷ್ಯ. ನಾನು ಸೊಕ್ಕೆಯವನು, ಡ್ರೈವರೂ ನಾನೇ, ಗೈಡೂ ನಾನೇ.

ಗುತ್ತಿಗೆ ಮೂರು ವರ್ಷದ್ದು. ಮುಗಿಯುವ ಹೊತ್ತಿಗೆ ಅರಣ್ಯ ಇಲಾಖೆಯ ಸಾಹೇಬರು ಬಂದು ಪ್ರವಾಸಿಗರ ಅಭಿಪ್ರಾಯ ಪುಸ್ತಕ ಓದುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಮುಂದುವರಿಕೆ. ಇಲ್ಲದಿದ್ದರೆ ಯಜಮಾನರು ತೋಟಕ್ಕೆ, ನಾನು ವಾಪಸ್ ಲಗೇಜ್ ಆಟೋಕ್ಕೆ. ಈ ಕೆಲಸ ಸಿಕ್ಕ ಮೇಲೇ ನಾನು ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಉಣ್ಣುತ್ತಿರುವುದು. ಹಂಗಾಗಿ ಆ ಪುಸ್ತಕದಲ್ಲಿ ಯಾರು ಏನು ಗೀಚಿದರೂ ಮೊದಲು ಓಡಿಹೋಗಿ ಓದುವವನು ನಾನೇ.

ಕೆಂಪು ಮಣ್ಣು

ಚನ್ನಗಿರಿಯಿಂದ ಒಂದು ಅಡಿಕೆ ಬೆಳೆಗಾರರ ಕುಟುಂಬ ಬಂತು. ಜೀಪು ಹೊರಟು ಹತ್ತು ನಿಮಿಷ ಆಗಿರಲಿಲ್ಲ, ಹಿರಿಯರು ನನ್ನ ಭುಜ ತಟ್ಟಿದರು.

"ಡ್ರೈವರ್ರೇ, ಇದು ಒಟ್ಟು ಎಷ್ಟು ಎಕರೆ ಬರ್ತೈತೆ?"

"ಸಾವಿರಗಟ್ಲೆ ಐತ್ರೀ."

"ಪಹಣಿ ಯಾರ ಹೆಸ್ರಾಗೈತೆ?"

"ಸರ್ಕಾರದ್ದು ರೀ."

"ಬೋರು ಎಷ್ಟಡಿಗೆ ಬೀಳ್ತೈತೆ?"

ಅಷ್ಟರಲ್ಲಿ ಎಡಗಡೆ ಒಂದು ನವಿಲು ಗರಿ ಬಿಚ್ಚಿಕೊಂಡು ನಿಂತಿತು. ನೋಡ್ರಿ ನೋಡ್ರಿ ಅಂದೆ. ಎಲ್ಲರೂ ನೋಡಿದರು, ನವಿಲನ್ನಲ್ಲ, ಅದರ ಕಾಲ ಕೆಳಗಿನ ಮಣ್ಣನ್ನು. "ಕೆಂಪು ಮಣ್ಣು, ನೀರು ನಿಲ್ಲಲ್ಲ" ಅಂದ ಮಗ. "ನಡುವೆ ಬಾಳೆ ಹಾಕ್ಬೋದು" ಅಂದಳು ಸೊಸೆ. ಹಿರಿಯರು ಇಳಿಯಾಕೇ ಹೊರಟರು.

"ಇಳಿಯಂಗಿಲ್ರೀ, ಚಿರತೆ ಐತೆ."

"ಅದರ ಪಾಡಿಗೆ ಅದಿರ್ಲಿ ಬಿಡ್ರಿ. ಒಂದು ಹಿಡಿ ಮಣ್ಣು ತಗಂತೀನಿ, ಟೆಸ್ಟಿಗೆ."

ಕೈಕಾಲು ಹಿಡಿದು ಕೂರಿಸಿದೆ. ವಾಪಸ್ ಬಂದ ಮೇಲೆ ಪುಸ್ತಕದಲ್ಲಿ ದುಂಡಗೆ ಬರೆದರು: "ಜಾಗ ಚೆನ್ನಾಗಿದೆ. ಸುಮ್ಮನೆ ಬೀಳು ಬಿಟ್ಟಿದ್ದಾರೆ. ಡ್ರಿಪ್ ಹಾಕಿಸುವುದು."

ಪಿಸುಮಾತು

ಜೀಪು ಹತ್ತಿಸುವಾಗಲೇ ನಾನು ಹೇಳುತ್ತೇನೆ, ಒಳಗೆ ಹೋದ ಮೇಲೆ ಜೋರಾಗಿ ಮಾತಾಡಂಗಿಲ್ಲ ಅಂತ. ಒಂದು ಭಾನುವಾರ ಹೊನ್ನಾಳಿಯ ಒಬ್ಬ ಅಮ್ಮ, ಅವರ ಮಗಳು, ಜೊತೆಗೆ ಗುರುತಿಲ್ಲದ ನ್ಯಾಮತಿಯ ಕುಟುಂಬವೊಂದು ಒಂದೇ ಜೀಪಿನಲ್ಲಿ ಕೂತವು. ನ್ಯಾಮತಿಯವರ ಮಗ ನನ್ನ ಪಕ್ಕ, ಕೈಯಲ್ಲಿ ದೊಡ್ಡ ಕ್ಯಾಮೆರಾ. ಕಾಲು ಗಂಟೆ ಎಲ್ಲರೂ ಗಪ್‌ಚಿಪ್. ಆಮೇಲೆ ಹಿಂದಿನಿಂದ ಪಿಸುಮಾತು ಕೇಳಿಸಿತು.

"ನಿಮ್ದು ಯಾವೂರಾತ್ರೀ?"

"ನ್ಯಾಮತಿ."

"ನ್ಯಾಮತಿಯಾಗೆ ಯಾರ ಪೈಕಿ?"

ಮುಗೀತು. ಹುಡುಗನ ನೌಕರಿ, ಹುಡುಗಿಯ ಓದು, ಸೋದರಮಾವನ ಊರು, ಎಲ್ಲ ಪಿಸುಮಾತಿನಲ್ಲೇ ನಡೆಯಿತು. ರೂಲ್ಸು ಮಾತ್ರ ಮುರಿಯಲಿಲ್ಲ, ಅದಕ್ಕೆ ಮೆಚ್ಚಬೇಕು. ಮಾವನೂರು ಒಂದೇ ಅಂತ ಗೊತ್ತಾದಾಗ ಆ ಅಮ್ಮ ತಡೆಯಲಾಗದೆ ಚಪ್ಪಾಳೆ ಹೊಡೆದರು. ಪೊದೆಯಲ್ಲಿದ್ದದ್ದು ಏನೋ ದಡದಡ ಓಡಿತು.

"ಅಮ್ಮಾರೇ, ಪ್ರಾಣಿ ಓಡೋದ್ವು."

"ಓಡ್ಲಿ ಬಿಡಪ್ಪ. ಅವು ನಾಳೆನೂ ಇರ್ತಾವೆ, ಇಂಥ ಹುಡುಗ ಇರ್ತಾನಾ?"

ಹುಡುಗ ಅಷ್ಟೊತ್ತಿಗೆ ಕ್ಯಾಮೆರಾ ಮಡಿಲಲ್ಲಿಟ್ಟು ನನ್ನ ಜೀಪಿನ ಕನ್ನಡಿಯಲ್ಲೇ ಹಿಂದಿನ ಸೀಟು ನೋಡುತ್ತಿದ್ದ. ಅವನ ತಲೆ ಅಡ್ಡ ಬಂದು ದಾರಿ ಕಾಣದೆ ಜೀಪನ್ನು ಎರಡು ಗುಂಡಿಗೆ ಇಳಿಸಿದೆ. ಅಮ್ಮ ಬರೆದದ್ದು: "ಪ್ರಾಣಿ ಒಂದೂ ಕಾಣಲಿಲ್ಲ. ಬೀಗರು ಕಂಡರು."

ಯಜಮಾನರ ಎಡಗಾಲಿನ ಚಪ್ಪಲಿ

ನಮ್ಮ ಯಜಮಾನರು ಮೂರು ವರ್ಷದಲ್ಲಿ ಒಂದು ಸಲವೂ ಕಾಡಿನೊಳಗೆ ಬಂದಿರಲಿಲ್ಲ. "ನಾನೇನು ಗಿಡ ಕಂಡಿಲ್ವಾ?" ಅಂತ ಕೌಂಟರಿನಲ್ಲೇ ಕೂರೋರು. ಅವರ ಜೀವಮಾನದ ವೈರಿ ಅಂದರೆ ಆಡು. ತೋಟದಲ್ಲಿ ಸಸಿಗೆ ಬಾಯಿ ಹಾಕಿದ ಆಡುಗಳ ಸಿಟ್ಟು ಅವರಿಗೆ ಇನ್ನೂ ಇಳಿದಿಲ್ಲ. ಇಲ್ಲೂ ಊರ ಆಡುಗಳು ಹೂಕುಂಡಕ್ಕೆ ಬರುತ್ತವೆ. ಕಂಡ ಕೂಡಲೇ ಯಜಮಾನರ ಎಡಗಾಲಿನ ಚಪ್ಪಲಿ ಸರ್ರ್ ಅಂತ ನೆಲಕ್ಕೆ ಉಜ್ಜಿ ತಾನಾಗೇ ಕೈಗೆ ಬರುತ್ತದೆ, ಬಾಯಲ್ಲಿ "ಹೋಯ್" ಹೊರಡುತ್ತದೆ. ಬೇಕು ಅಂತ ಮಾಡೋದಲ್ಲ, ನಮಗೆ ಆಕಳಿಕೆ ಬರುವ ಹಾಗೆ.

ಒಂದು ದಿನ ಗುರಿ ತಪ್ಪಿ ಚಪ್ಪಲಿ ಕ್ಯಾಂಟೀನಿಗೆ ಹೋಯಿತು. ಪುಸ್ತಕದಲ್ಲಿ ಯಾರೋ ಬರೆದರು: "ಮಂಡಕ್ಕಿ ಬಲು ರುಚಿ. ಚಪ್ಪಲಿ ಬಿದ್ದ ಮೇಲೆ ತಿನ್ನಲಿಲ್ಲ."

ತೊಟ್ಟಿಯ ಹತ್ತಿರ

ಕೊನೆಗೆ ಸಾಹೇಬರು ಬಂದರು. ಕೌಂಟರಿನಲ್ಲಿ ಕೂತು ಪುಸ್ತಕದ ಒಂದೊಂದೇ ಹಾಳೆ ತಿರುವಿದರು. ಡ್ರಿಪ್ಪು ಓದಿದರು, ಬೀಗರನ್ನು ಓದಿದರು, ಚಪ್ಪಲಿಯನ್ನೂ ಓದಿದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಆಮೇಲೆ ಯಜಮಾನರ ಕಡೆ ತಿರುಗಿದರು.

"ಏನ್ರೀ, ಮೂರು ವರ್ಷದಲ್ಲಿ ಒಬ್ಬರೂ ಕೊಂಡುಕುರಿ ಕಂಡೆ ಅಂತ ಬರೆದಿಲ್ಲವಲ್ಲ. ಇವತ್ತು ನನಗೆ ತೋರಿಸಿ. ಕಂಡರೆ ಮುಂದುವರಿಕೆಗೆ ಬರೀತೀನಿ. ನೀವೂ ಜೀಪು ಹತ್ತಿ."

ಸಾಹೇಬರು ನನ್ನ ಪಕ್ಕ, ಯಜಮಾನರು ಹಿಂದೆ. ಎರಡು ಗಂಟೆ ಸುತ್ತಿದೆ. ಒಂದು ಮೊಲವೂ ಇಲ್ಲ. ನನ್ನ ಕಣ್ಣ ಮುಂದೆ ಲಗೇಜ್ ಆಟೋ ಬಂದು ನಿಂತಿತ್ತು. ಕೊನೆಗೆ ನೀರಿನ ತೊಟ್ಟಿಯ ಹತ್ತಿರ ಇಂಜಿನ್ ಆಫ್ ಮಾಡಿ ದೇವರ ಮೇಲೆ ಭಾರ ಹಾಕಿ ಕೂತೆ.

ಪೊದೆ ಅಲುಗಿತು. ಬಂತು. ಒಂದು, ಎರಡು, ಮೂರು, ನಾಲ್ಕು ಕೊಂಬು, ಎರಡು ಸಲ ಎಣಿಸಿದೆ. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಸಾಹೇಬರು "ಇಷ್ಟು ಹತ್ತಿರ ನಾನೂ ನೋಡಿರಲಿಲ್ಲ" ಅಂತ ಪಿಸುಗುಟ್ಟಿ ಕ್ಯಾಮೆರಾ ಎತ್ತಿದರು. ಅದು ಮೆಲ್ಲಗೆ ಬಂದು ತೊಟ್ಟಿಗೆ ಬಾಯಿ ಹಾಕಿತು.

ಹಿಂದಿನ ಸೀಟಿನಲ್ಲಿ ಸರ್ರ್ ಅಂತ ಸದ್ದಾಯಿತು. ಆ ಸದ್ದು ನನಗೆ ಗೊತ್ತು. ತಿರುಗುವಷ್ಟರಲ್ಲಿ ಹೊತ್ತು ಮೀರಿತ್ತು.

"ಹೋಯ್, ಹಾಳಾದ್ದೇ, ಮೂರು ವರ್ಷದಿಂದ ಟ್ಯಾಂಕರ್ ಹೊಡೆಸಿದ್ದು ನಿನಗೇನು?"

ಚಪ್ಪಲಿ ಸಾಹೇಬರ ಕಿವಿ ಪಕ್ಕದಲ್ಲಿ ಹಾರಿ ತೊಟ್ಟಿಯೊಳಗೆ ಬಿತ್ತು. ಕೊಂಡುಕುರಿ ಇದ್ದ ಜಾಗದಲ್ಲಿ ಧೂಳು ಮಾತ್ರ ಇತ್ತು. ಯಜಮಾನರು ಒಂಟಿ ಚಪ್ಪಲಿಯಲ್ಲಿ ನಿಂತು, "ಸಾಹೇಬ್ರೇ, ಯಾರ್ದೋ ಆಡು ಅನ್ಕಂಡೆ" ಅಂದರು.

ಸಾಹೇಬರು ವಾಪಸ್ ಕೌಂಟರಿಗೆ ಬಂದವರೇ ಪುಸ್ತಕ ಎಳೆದುಕೊಂಡು ಬರೆದು, ಸಹಿ ಹಾಕಿ ಹೊರಟುಹೋದರು. ಯಜಮಾನರಿಗೆ ಓದುವ ಧೈರ್ಯ ಬರಲಿಲ್ಲ, ನಾನೇ ಗಟ್ಟಿಯಾಗಿ ಓದಿದೆ:

"ಕೊಂಡುಕುರಿ ಸ್ಪಷ್ಟವಾಗಿ ಕಂಡಿತು. ಗುತ್ತಿಗೆ ಮುಂದುವರಿಸಬಹುದು. ಷರತ್ತು ಒಂದೇ: ಗುತ್ತಿಗೆದಾರರನ್ನು ಕಾಡಿನೊಳಗೆ ಬಿಡತಕ್ಕದ್ದಲ್ಲ."