ರಾಜಕುಮಾರಿಯ ಪಾರ್ಟು

ಹಗಲುಗನಸು ಕಾಣುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹುನಗುಂದದ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವವನಿಗೆ ಹೆಮ್ಮೆಪಡಲು ಅಂಥದ್ದೇನೂ ಇರುವುದೂ ಇಲ್ಲ. ಬೆಳಿಗ್ಗೆ ಇಳಕಲ್ಲಿನಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತೆನೆಂದರೆ ಮುಗಿಯಿತು. ಹೊರಗೆ ಸಜ್ಜೆಯ ಹೊಲ, ಸೂರ್ಯಕಾಂತಿಯ ಹೊಲ ಹಿಂದೆ ಸರಿಯುತ್ತಿದ್ದರೆ ಒಳಗೆ ನಾನು ಬಿಳಿ ಕುದುರೆಯ ಮೇಲೆ ಮುಂದೆ ಸಾಗುತ್ತಿರುತ್ತೇನೆ. ಎರಡು ಸಲ ಹುನಗುಂದ ದಾಟಿಯೇ ಹೋಗಿದ್ದುಂಟು. ಈಗ ಕಂಡಕ್ಟರನೇ ಬಂದು, ಸಾಹೇಬ್ರ ಇಳೀರಿ ಎಂದು ಭುಜ ತಟ್ಟುತ್ತಾನೆ. ನಲವತ್ತೇಳರ ವಯಸ್ಸಿನಲ್ಲಿ, ಬುತ್ತಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕುದುರೆ ಸವಾರಿ ಮಾಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ನನಗೂ ಗೊತ್ತು. ಏನು ಮಾಡುವುದು, ಆ ಕುದುರೆಯನ್ನು ನನಗೆ ಹಚ್ಚಿದವಳು ನಾಲ್ಕನೇ ಇಯತ್ತೆ ಓದುವ ನನ್ನ ಮಗಳು ನೀಲಾ.

ದಿನಾ ಸಂಜೆ ಟಿವಿಯಲ್ಲಿ ಮಕ್ಕಳಿಗೆಂದು ಒಂದು ಧಾರಾವಾಹಿ ಬರುತ್ತದೆ. ಮಾಯದ ಕಾಡು, ಮಾತಾಡುವ ಗಿಳಿ, ಮೂರು ಕಣ್ಣಿನ ಮಾಂತ್ರಿಕ, ಕುದುರೆ ಮೇಲೆ ಬರುವ ಹುಡುಗ, ಮತ್ತೆ ನಮ್ಮ ರಾಜಕುಮಾರಿ. ನೀಲಾಳ ಪಕ್ಕ ಚಾಪೆಯ ಮೇಲೆ ಕುಳಿತು ನಾನೂ ನೋಡುತ್ತೇನೆ. ಮಗುವಿಗೆ ಜೊತೆ ಎಂಬುದು ನೆಪ. ಒಳಮನೆಯಲ್ಲಿ ನನ್ನ ಹೆಂಡತಿ ಸುಜಾತಾ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿರುತ್ತಾಳೆ. ಲಾಳಿಯ ಟಕಟಕ ಸದ್ದು ಕೇಳುತ್ತ ಕೇಳುತ್ತ ಕುದುರೆಯ ಗೊರಸಿನ ಸದ್ದಾಗಿ ನನಗೆ ಕಣ್ಣು ಎಳೆಯತೊಡಗುತ್ತವೆ. ಆ ರಾಜಕುಮಾರಿಯನ್ನು ಕಂಡರೆ ನನಗೆ ಭಾಳ ಮೋಹ. ಕಾಡಿನಲ್ಲಿ ಏಳು ದಿನ ನಡೆದರೂ ಹೆರಳು ಬಿಚ್ಚುವುದಿಲ್ಲ. ನೆಲ ಗುಡಿಸುವ ಲಂಗ, ಅದಕ್ಕೊಂದು ಮುಳ್ಳು ಅಂಟುವುದಿಲ್ಲ. ನಮ್ಮ ಹೊಲದ ಬದುವಿನಲ್ಲಿ ಸುಜಾತಾ ಹತ್ತು ಹೆಜ್ಜೆ ಇಟ್ಟುಬಂದರೆ ಸೀರೆಯ ಅಂಚಿನಿಂದ ಮುಳ್ಳು ಕೀಳಲು ಅರ್ಧ ತಾಸು ಬೇಕು. ಅವಳು ಉಂಡಿದ್ದನ್ನು ಯಾರೂ ಕಂಡಿಲ್ಲ. ಜಾಣೆಯೋ, ಮಹಾ ಜಾಣೆ. ಗಿಳಿಯ ಭಾಷೆ ಬಲ್ಲಳು, ಗಿಡಮೂಲಿಕೆ ಬಲ್ಲಳು, ಮಾಂತ್ರಿಕನ ಗವಿಗೆ ಹೋಗುವ ದಾರಿಯೂ ಅವಳಿಗೇ ಗೊತ್ತು. ಗವಿಯ ಬಾಗಿಲಿಗೆ ಬರುವವರೆಗೆ ಎಲ್ಲ ಸರಿ. ಅಲ್ಲಿಗೆ ಬಂದ ಕೂಡಲೇ ಸಪಾಟ ನೆಲದ ಮೇಲೆ ಕಾಲು ಉಳುಕಿ ಬೀಳುತ್ತಾಳೆ. ಮಾಂತ್ರಿಕ ಕಂಬಕ್ಕೆ ಕಟ್ಟುತ್ತಾನೆ. ಆಮೇಲೆ ಹುಡುಗ ಬರುವ ತನಕ ಅವಳಿಗೆ ಅಳುವುದೊಂದೇ ಕೆಲಸ.

ಹೋದ ವರ್ಷ ಗುಡೂರಿನ ಮೇಲೆ ಹಾಯ್ದು ಬಾದಾಮಿಗೆ ಹೋಗಿದ್ದೆವು. ಕೆಂಪು ಬಂಡೆಗಳ ಕೆಳಗೆ ನಿಂತು, ಹೊಂಡದ ಮೇಲೆ ಬಿದ್ದ ಬಿಸಿಲನ್ನು ನೋಡುತ್ತ ನಾನು ಮೈಮರೆತಿದ್ದೆ. ಇಂಥ ಕಲ್ಲಿನ ಊರಿನಲ್ಲಿ ಯಾವ ಗವಿಯಿಂದ ಯಾವ ರಾಜಕುಮಾರಿ ಇಣುಕುತ್ತಾಳೋ ಹೇಳಲಾಗದು ಎನಿಸಿತ್ತು. ಅಷ್ಟರಲ್ಲಿ ಮಂಗ ಬಂದು ನನ್ನ ಕೈಯ ಬಾಳೆಹಣ್ಣು ಕಸಿದುಕೊಂಡು ಹೋಯಿತು. ನೀಲಾ ಮಾತ್ರ ಗವಿಯೊಳಗಿನ ಒಂದೊಂದೇ ಕಂಬವನ್ನು ತಬ್ಬಿ ನೋಡುತ್ತಿದ್ದಳು. ಏನು ಮಾಡುತ್ತಿದ್ದೀಯೆಂದು ಕೇಳಿದೆ. ಇಷ್ಟು ದಪ್ಪ ಕಂಬಕ್ಕೆ ಕಟ್ಟಿದರೆ ಹಗ್ಗ ಎಲ್ಲಾದರೂ ಸಡಿಲ ಇರಲೇಬೇಕಂತೆ, ಹಾಗಿದ್ದರೂ ರಾಜಕುಮಾರಿ ಏಕೆ ಬಿಡಿಸಿಕೊಳ್ಳುವುದಿಲ್ಲ ಎಂಬುದು ತನಗೆ ತಿಳಿಯುವುದಿಲ್ಲವಂತೆ. ಅಲ್ಲಿಂದ ಮಹಾಕೂಟಕ್ಕೆ ಹೋದಾಗ ಹುಡುಗರೆಲ್ಲ ಹೊಂಡಕ್ಕೆ ಜಿಗಿಯುವುದನ್ನು ನೋಡಿ ಫ್ರಾಕು ಹಾಕಿಕೊಂಡೇ ತಾನೂ ಜಿಗಿದಳು. ರಾಜಕುಮಾರಿಯರು ಹೀಗೆಲ್ಲ ಮಾಡುವುದಿಲ್ಲವ್ವಾ ಎಂದು ದಂಡೆಯ ಮೇಲಿಂದ ಕೂಗಿದೆ. ಅವಳು ನೀರೊಳಗಿದ್ದಳು, ಕೇಳಿಸಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಈ ವರ್ಷ ನೀಲಾಳ ಸಾಲೆಯ ವಾರ್ಷಿಕ ಗ್ಯಾದರಿಂಗಿಗೆ ನಾಟಕವೊಂದು ಬೇಕಾಯಿತು. ಹಿಂದೊಮ್ಮೆ ನನ್ನ ಕವನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆವತ್ತಿನಿಂದ ಊರಿನಲ್ಲಿ ಯಾರಿಗೆ ಏನು ಬರೆಯಬೇಕಾದರೂ, ಮದುವೆಯ ಕಾರ್ಡಿನಿಂದ ಹಿಡಿದು, ನನ್ನ ಬಳಿ ಬರುತ್ತಾರೆ. ಹೆಡ್ ಮಾಸ್ತರರು ಕೇಳಿದರು, ನಾನು ಉಬ್ಬಿದೆ. ಮೂರು ದಿನ ಬಸ್ಸಿನಲ್ಲೇ ಕುಳಿತು ಬರೆದೆ. ಕುದುರೆ ಇತ್ತು, ಮಾಂತ್ರಿಕನಿದ್ದ, ಕಂಬವಿತ್ತು. ಕುದುರೆ ಸವಾರನ ಪಾರ್ಟು ಅವಳ ತರಗತಿಯ ಬಸುವಿಗೆ, ರಾಜಕುಮಾರಿಯ ಪಾರ್ಟು ನನ್ನ ಮಗಳಿಗೇ ಸಿಕ್ಕಿತು. ಅವಳಿಗೆ ಒಂದೇ ಮಾತು: "ಅಯ್ಯೋ, ನನ್ನನ್ನು ಕಾಪಾಡುವವರು ಯಾರೂ ಇಲ್ಲವೇ?" ಅದನ್ನು ಮೂರು ಸಲ ಹೇಳಬೇಕು. ಒಂದೊಂದು ಸಲ ಒಂದೊಂದು ಭಾವ ಬರಬೇಕೆಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೂ ಇದ್ದೆ.

ತಾಲೀಮಿನ ಎರಡನೆಯ ದಿನವೇ ತಕರಾರು ಶುರುವಾಯಿತು. ಕಂಬಕ್ಕೆ ಕಟ್ಟಿದ ಎರಡೇ ನಿಮಿಷಕ್ಕೆ ನೀಲಾ ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಮಗ್ಗದ ಮನೆಯ ಹುಡುಗಿ. ಹರಿದ ಎಳೆಗೆ ಗಂಟು ಹಾಕುವುದು, ಸಿಕ್ಕು ಬಿಡಿಸುವುದು ಅಕ್ಷರ ಕಲಿಯುವ ಮೊದಲೇ ಅವ್ವನಿಂದ ಕಲಿತವಳು. ನಾನು ಹಾಕುವುದು ಕಚೇರಿಯ ಗಂಟು, ಕಡತಕ್ಕೆ ಹಾಕುವಂಥದ್ದು. ಮಗ್ಗದ ಮನೆಯಲ್ಲೇ ಹುಟ್ಟಿ ಬೆಳೆದರೂ ನನಗೆ ಬೇರೆ ಗಂಟು ಬರುವುದಿಲ್ಲ. ನೀನೇ ಬಿಚ್ಚಿಕೊಂಡರೆ ಕುದುರೆ ಮೇಲೆ ಬರುವ ಬಸು ಏನು ಮಾಡಬೇಕೆಂದು ಗದರಿದೆ.

"ಅಂವ ಮನಿಗೆ ಹೋಗ್ಲಿ" ಎಂದಳು.

ಕಥೆಯೆಂದರೆ ಹೀಗೇ ಇರುತ್ತದೆ ಎಂದೆ. ಯಾಕೆ ಹೀಗೇ ಇರಬೇಕು ಎಂದಳು. ಉತ್ತರವಿಲ್ಲದಾಗ ಅಪ್ಪಂದಿರು ಮಾಡುವುದನ್ನೇ ಮಾಡಿದೆ, ದನಿ ಏರಿಸಿದೆ. ಆವತ್ತು ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಮರುದಿನ ಟಿವಿ ಹಚ್ಚಲಿಲ್ಲ. ಮೂರನೆಯ ದಿನ ಬುತ್ತಿ ಕಟ್ಟಿಕೊಳ್ಳುತ್ತಿದ್ದ ನನ್ನ ಹತ್ತಿರ ಬಂದು, "ಅಪ್ಪಾ, ನಾ ಪಾರ್ಟ್ ಮಾಡೂದಿಲ್ಲ. ಗಂಟು ಬಿಚ್ಚಾಕ ಬರ್ತಿದ್ರೂ ಎಲ್ಲಾರ ಮುಂದ ಅಳಕೋತ ನಿಂದ್ರಾಕ ನಂಗ ನಾಚಿಕಿ ಆಗ್ತತಿ" ಎಂದಳು. ಕಣ್ಣಲ್ಲಿ ನೀರಿತ್ತು. ಡಬ್ಬಿ ಕೆಳಗಿಟ್ಟು ಒರೆಸಿದೆ ನಿಜ. ಆದರೆ ಬಸುವಿನ ಕಿರೀಟ ಸಿದ್ಧವಾಗಿತ್ತು, ಹೆಡ್ ಮಾಸ್ತರರು ಓದಿ ತಲೆದೂಗಿಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಆ ಕುದುರೆಯ ಪ್ರವೇಶ ನನಗೇ ಬಹಳ ಇಷ್ಟವಾಗಿತ್ತು. ಕೊನೆಗೆ ಸುಜಾತಾ ಮಗ್ಗದ ಮೇಲಿಂದಲೇ, ಒಪ್ಪಿಕೊಂಡ ಕೆಲಸ ನಡುವೆ ಬಿಡಬಾರದೆಂದು ಮಗಳಿಗೆ ಹೇಳಿದಳು. ಅವಳು ಹೂಂ ಎಂದಳು. ನನ್ನ ಕಡೆ ತಿರುಗದೆ ಸುಜಾತಾ ಲಾಳಿಯನ್ನು ಇನ್ನಷ್ಟು ಜೋರಾಗಿ ಓಡಿಸಿದಳು. ಅದು ಒಳ್ಳೆಯ ಲಕ್ಷಣವಲ್ಲವೆಂದು ಹದಿನೈದು ವರ್ಷ ಸಂಸಾರ ಮಾಡಿದ ನಾನು ಬಲ್ಲೆ.

ಗ್ಯಾದರಿಂಗಿನ ದಿನ ಮಧ್ಯಾಹ್ನ ನನಗೊಂದು ಹೊಸ ವಿಚಾರ ಹೊಳೆಯಿತು. ಹೊಳೆಯಬಾರದಿತ್ತು. ನಾರಿನ ಹಗ್ಗ ಮಗುವಿನ ಕೈಗೆ ಚುಚ್ಚುತ್ತದೆ, ದೀಪದ ಬೆಳಕಿಗೆ ಕಳೆಯೂ ಇರುವುದಿಲ್ಲ. ರಾಜಕುಮಾರಿಯನ್ನು ಕಟ್ಟಲು ಮಾಯದ ಪಾಶವೇ ಬೇಕು ಎನಿಸಿತು. ಮಗ್ಗದ ಕೋಣೆಯ ಗೂಟಕ್ಕೆ ಕೆಂಪು ರೇಷ್ಮೆಯ ಲಡಿ ತೂಗುಹಾಕಿತ್ತು. ಮಿರಮಿರ ಮಿಂಚುತ್ತಿತ್ತು. ಸುಜಾತಾ ಅಡುಗೆಮನೆಯಲ್ಲಿದ್ದಳು. ತೆಗೆದು ಚೀಲಕ್ಕೆ ಹಾಕಿದೆ. ಸೀರೆಯ ಸೆರಗಿಗೆಂದೇ ಬಣ್ಣ ಹಾಕಿಸಿ ಎತ್ತಿಟ್ಟ ಲಡಿ ಅದು. ಲಡಿ ಎಂದರೆ ಒಂದೇ ಎಳೆಯನ್ನು ನೂರಾರು ಸುತ್ತು ಸುತ್ತಿದ ದೊಡ್ಡ ಕುಣಿಕೆ. ಒಂದು ಕಡೆ ಕತ್ತರಿಸಿದರೆ ನೂರಾರು ತುಂಡು, ಒಂದಕ್ಕೂ ಉಪಯೋಗವಿಲ್ಲ. ಇಳಕಲ್ಲಿನ ಕೂಸಿಗೂ ಗೊತ್ತಿರುವ ಸಂಗತಿ. ನಾನು ಮಾತ್ರ ಆ ಹೊತ್ತಿಗೆ ಕುದುರೆ ಮೇಲಿದ್ದೆ.

ಸಂಜೆ ಸಾಲೆಯ ಅಂಗಳ ತುಂಬಿ ಹೋಯಿತು. ಮುಂದಿನ ಸಾಲುಗಳಲ್ಲಿ ಮಗ್ಗ ನಿಲ್ಲಿಸಿ ಬಂದ ಹೆಂಗಸರು, ನಡುವೆ ಸುಜಾತಾ. ನಾನು ವೇದಿಕೆಯ ಪಕ್ಕ ನಿಂತಿದ್ದೆ. ಬಸುವಿನ ಖಡ್ಗ ರಟ್ಟಿನದು, ಅದು ಗಾಳಿಯನ್ನೂ ಕತ್ತರಿಸುವುದಿಲ್ಲ. ಅದಕ್ಕೇ ಕಂಬದ ಹಿಂದೆ ಡ್ರಿಲ್ ಮಾಸ್ತರರು ದೊಡ್ಡ ಕತ್ತರಿ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಬಸು ಖಡ್ಗ ಎತ್ತಿದ ಕೂಡಲೇ ಅವರು ಕತ್ತರಿಸಬೇಕು, ಪಾಶ ಉದುರಬೇಕು. ಪರದೆ ಸರಿಯಿತು. ಕೆಂಪು ಬೆಳಕು, ಕೆಂಪು ರೇಷ್ಮೆ, ಕಂಬಕ್ಕೆ ಒರಗಿದ ನನ್ನ ಮಗಳು. ಮೊದಲ ಸಲ ಹೇಳಿದಳು, ಎರಡನೆಯ ಸಲ ಹೇಳಿದಳು. ನಾನು ಬರೆದ ಭಾವ ಒಂದೂ ಬರಲಿಲ್ಲ, ದನಿ ಮಾತ್ರ ಸಣ್ಣದಾಗುತ್ತ ಹೋಯಿತು. ಬಸು ಕೋಲುಕುದುರೆಯ ಮೇಲೆ ಟಕಟಕ ಸದ್ದು ಮಾಡುತ್ತ ಬಂದ. ಆ ಗೊರಸಿನ ಸದ್ದಿಗೆ ನನ್ನ ಕಣ್ಣು ಮಬ್ಬಾದವು. ಬಾದಾಮಿಯ ಕೆಂಪು ಬಂಡೆ, ಹೊಂಡದ ಮೇಲಿನ ಬಿಸಿಲು, ಎಲ್ಲೋ ದೂರದಲ್ಲಿ ಬಿಳಿ ಕುದುರೆಯ ಮೇಲೆ ನಾನು, ಎಲ್ಲ ಒಂದರೊಳಗೊಂದು ಕರಗಿ ತೇಲತೊಡಗಿದವು. ಬಸು ಖಡ್ಗ ಎತ್ತಿದ. ಕಂಬದ ಹಿಂದಿನಿಂದ ಕತ್ತರಿ ಬಾಯಿ ತೆರೆದುಕೊಂಡು ಬಂತು.

"ಕಡೀಬ್ಯಾಡ್ರಿ ಸರ್, ನಮ್ಮವ್ವನ ರೇಷ್ಮಿ ಅದು" ಎಂದಳು ನೀಲಾ. "ನಾ ಬಿಚ್ಚತೇನಿ, ತಡೀರಿ."

ಇಡೀ ಅಂಗಳಕ್ಕೆ ಕೇಳಿಸಿತು. ಕತ್ತರಿ ಅಲ್ಲೇ ನಿಂತಿತು. ನೂಲಿನ ಮನೆಗಳಲ್ಲಿ ಸಿಕ್ಕು ಬಿಡಿಸುತ್ತಾರೆ, ಹರಿದರೆ ಗಂಟು ಹಾಕುತ್ತಾರೆ, ಅವಸರಕ್ಕೆ ಕತ್ತರಿ ಹಚ್ಚಿದರೆ ಮಕ್ಕಳ ಕೈಗೆ ಏಟು ಬೀಳುತ್ತದೆ. ಡ್ರಿಲ್ ಮಾಸ್ತರರ ಮನೆಯಲ್ಲೂ ಎರಡು ಮಗ್ಗಗಳಿವೆ. ನೀಲಾ ತನ್ನ ಪಾಡಿಗೆ ತಾನು ನನ್ನ ಕಡತದ ಗಂಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಬಸು ಎತ್ತಿದ ಕೈ ಇಳಿಸಲಿಲ್ಲ. ಮಾಂತ್ರಿಕ ಸ್ವಲ್ಪ ಹೊತ್ತು ಹಲ್ಲು ಕಡಿದು, ಬೇಸರವಾಗಿ ಕೆಳಗೆ ಕುಳಿತುಬಿಟ್ಟ. ಮುಂದಿನ ಸಾಲಿನ ಹೆಂಗಸರು, ಎಡಗಡೆಯದನ್ನು ಮೊದಲು ತೆಗೆ, ಜಗ್ಗಬೇಡ, ಸಾವಕಾಶ ಎಂದು ಕುಳಿತಲ್ಲಿಂದಲೇ ಹೇಳಿಕೊಡುತ್ತಿದ್ದರು. ಲಡಿ ಬಿಡಿಸಿಕೊಂಡಳು. ಅಲ್ಲಲ್ಲಿ ಸಿಕ್ಕಾಗಿತ್ತು. ಸುತ್ತ ನೋಡಿದಳು. ಬಸುವಿನ ಕೈಯಿಂದ ಖಡ್ಗ ತೆಗೆದು ಕೆಳಗಿಟ್ಟು, ಅವನ ಎರಡೂ ಕೈ ಮುಂದೆ ಚಾಚಿಸಿ ಲಡಿಯನ್ನು ತೊಡಿಸಿದಳು. ನಮ್ಮೂರಿನ ಹುಡುಗರೆಲ್ಲ ಅವ್ವನ ಮುಂದೆ ಹಾಗೆ ಕೈ ಚಾಚಿ ಕುಳಿತವರೇ. ಕಿರೀಟ ಹೊತ್ತ ವೀರ ಸಹ ಸರಿಯಾಗಿ ಕೈ ಅಗಲಿಸಿ ನಿಂತ. ನೀಲಾ ಸಿಕ್ಕು ಬಿಡಿಸಿ, ಲಡಿಯನ್ನು ಹುರಿ ಮಾಡಿ ಮಡಚಿ, ಹೆಗಲಿಗೆ ಹಾಕಿಕೊಂಡು, ಪ್ರೇಕ್ಷಕರಿಗೆ ಕೈ ಮುಗಿದಳು. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಬೇಕಾಯಿತು. ನನಗೆ ಅಳು ಬಂತು, ನಗುವೂ ಬಂತು.

ಹೆಡ್ ಮಾಸ್ತರರು ಮೈಕು ಹಿಡಿದರು. ನೇಕಾರರ ಮಕ್ಕಳಿಗೆ ನೇಕಾರರದೇ ಕಥೆ ಕೊಟ್ಟಿದ್ದಾರೆ, ಟಿವಿಯ ರಾಜಕುಮಾರಿಯರು ಇದನ್ನು ನೋಡಿ ಕಲಿಯಬೇಕು, ಎಂಥ ಮುಕ್ತಾಯ, ಇಂಥದ್ದನ್ನು ಬರೆದ ನಮ್ಮ ಸಾಹಿತಿಗಳು ವೇದಿಕೆಗೆ ಬರಬೇಕು ಎಂದರು. ಅದು ನಾನು ಬರೆದದ್ದಲ್ಲ ಎಂದು ಹೇಳಬೇಕೆಂದೇ ಮೆಟ್ಟಿಲು ಹತ್ತಿದೆ. ದೇವರಾಣೆ. ಆದರೆ ಮೆಟ್ಟಿಲು ಮುಗಿಯುವಷ್ಟರಲ್ಲಿ ಹೆಗಲಿಗೆ ಶಾಲು ಬಿತ್ತು, ಕೊರಳಿಗೆ ಹಾರ ಬಿತ್ತು, ಜನ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಆ ಸದ್ದಿನಲ್ಲಿ ಏನೋ ಮಂಪರಿತ್ತು. ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡಿ, ಇದೆಲ್ಲ ನಿಮ್ಮ ಪ್ರೀತಿ ಎಂದು ಇಳಿದುಬಂದೆ.

ಮನೆಗೆ ನಡೆದು ಹೊರಟೆವು. ಮುಂದೆ ಶಾಲು ಹೊದ್ದ ನಾನು, ಹಿಂದೆ ತಾಯಿ ಮಗಳು. ಲಡಿಯ ವಿಷಯ ಯಾವ ಕ್ಷಣದಲ್ಲಿ ಬರುತ್ತದೋ ಎಂದು ಹೆದರಿ ನಾನು ಹಿಂದೆ ನೋಡಿರಲಿಲ್ಲ. ಓಣಿಯ ತಿರುವಿನಲ್ಲಿ ನೀಲಾ ಓಡಿಬಂದು ನನ್ನ ಕೈ ಹಿಡಿದಳು. ಅಷ್ಟೂ ದಿನದ ಸಿಟ್ಟು ಹೋಗಿತ್ತು.

"ಅಪ್ಪಾ, ಮುಂದಿನ ವರ್ಷ ರಾಜಕುಮಾರಿ ಪಾರ್ಟ್ ನೀನ ಮಾಡು" ಎಂದಳು.

ಯಾಕವ್ವಾ ಎಂದೆ.

"ನಿನಗ ಚಂದ ಒಪ್ತತಿ. ಏನೂ ಮಾಡೂದು ಬ್ಯಾಡ, ಸುಮ್ನ ನಿಂತ್ರ ಸಾಕು. ಕಡೀಗೆ ಅವರ ಬಂದು ಹಾರ ಹಾಕ್ತಾರ."

ಹಿಂದೆ ಸುಜಾತಾ ನಕ್ಕದ್ದು ಕೇಳಿಸಿತು. ನಾಲ್ಕು ದಿನದಿಂದ ಕೇಳದಿದ್ದ ನಗು. ಶಾಲು ತೆಗೆದು ಮಗಳಿಗೆ ಹೊದಿಸಲು ಹೋದೆ. ತನಗೆ ಸೆಕೆಯಾಗುತ್ತದೆ, ನೀನೇ ಹೊದ್ದುಕೋ ಎಂದಳು. ಹೊದ್ದುಕೊಂಡೇ ನಡೆದೆ.